ಮಣ್ಣಿಲ್ಲದ ಬಸಳೆ: ಮುಂಬಯಿಯ ಫ್ಲ್ಯಾಟಿನೊಳಗೆ ಜಲಕೃಷಿ

ಮಾಟುಂಗದ ಮಾರುಕಟ್ಟೆಯಲ್ಲಿ ಬಸಳೆಯ ಕಟ್ಟು ಸಿಗುವುದಿಲ್ಲವೆಂದಲ್ಲ. ಆದರೆ ಅದನ್ನು ಚೀಲದಲ್ಲಿಟ್ಟುಕೊಂಡು ಸಂಜೆಯ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಮುಲುಂಡಿನ ಮನೆ ಸೇರುವಷ್ಟರಲ್ಲಿ ಎಲೆ ಬಾಡಿ, ದಂಟು ಮುರಿದು, ಸಾರಿಗೆ ಹಾಕಲು ಉಳಿಯುವುದು ಅರ್ಧ ಮಾತ್ರ. ಹಳಿಗಳ ಪಕ್ಕದಲ್ಲಿ ಬೆಳೆಯುವ ಪಾಲಕ್ ತಾಜಾ ಆಗಿಯೇ ಇರುತ್ತದೆಯಾದರೂ, ಅದು ಯಾವ ನೀರು ಕುಡಿದು ಬೆಳೆದಿದೆ ಎಂಬುದನ್ನು ಕಿಟಕಿಯಿಂದ ಕಂಡವರಿಗೆ ಕೊಳ್ಳುವ ಮನಸ್ಸಾಗುವುದಿಲ್ಲ. ಮನೆಯೊಳಗೇ ಬೆಳೆಯೋಣವೆಂದರೆ ಮಣ್ಣಿನ ಭಾರ, ಕೆಸರು ಮತ್ತು ಕೆಳಮನೆಯವರ ತಕರಾರು. ಇಂಥ ಕಡೆ ಮಣ್ಣನ್ನೇ ಕೈಬಿಟ್ಟು ಪೋಷಕಾಂಶ ಬೆರೆಸಿದ ನೀರಿನಲ್ಲಿ ಬೇರು ಇಳಿಬಿಡುವ ಜಲಕೃಷಿ, ಅಂದರೆ ಹೈಡ್ರೊಪೋನಿಕ್ಸ್, ಚೆನ್ನಾಗಿ ಒಗ್ಗುತ್ತದೆ.

ವಿದ್ಯೆ ಹೊಸದಲ್ಲ. ಜರ್ಮನಿಯ ಸಸ್ಯವಿಜ್ಞಾನಿಗಳಾದ ಜಾಕ್ಸ್ ಮತ್ತು ಕ್ನೋಪ್ 1860ರ ಆಸುಪಾಸಿನಲ್ಲೇ ಲವಣ ಕರಗಿಸಿದ ನೀರಿನಲ್ಲಿ ಗಿಡ ಬೆಳೆಸಿ ತೋರಿಸಿದ್ದರು. ಹೈಡ್ರೊಪೋನಿಕ್ಸ್ ಎಂಬ ಹೆಸರನ್ನು ಕ್ಯಾಲಿಫೋರ್ನಿಯದ ಗೆರಿಕೆ 1937ರಲ್ಲಿ ಬಳಕೆಗೆ ತಂದರು. ನಮ್ಮಂಥವರಿಗೆ ಹೆಚ್ಚು ಉಪಯೋಗದವರು ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ. ಪಂಪು, ವಿದ್ಯುತ್ತು ಯಾವುದೂ ಬೇಡದ, ಒಂದು ಮುಚ್ಚಿದ ಡಬ್ಬಿಯಲ್ಲೇ ಮುಗಿಯುವ ವಿಧಾನಕ್ಕೆ ಅವರ ಹೆಸರೇ ನಿಂತಿದೆ.

ಮುಂದುವರಿಯುವ ಮೊದಲು ಒಂದು ಎಚ್ಚರಿಕೆ ಅಗತ್ಯ. ಕೋಣೆಯೊಳಗಿನ ಜಲಕೃಷಿಯ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ವಿಡಿಯೊಗಳಲ್ಲಿ ಬಹಳಷ್ಟು, ಗಾಂಜಾ ಬೆಳೆಯಲು ಅನುಮತಿಯಿರುವ ದೇಶಗಳಿಂದ ಬಂದವು. ನಮ್ಮಲ್ಲಿ 1985ರ ಮಾದಕ ದ್ರವ್ಯ ಕಾಯ್ದೆಯ ಪ್ರಕಾರ ಆ ಗಿಡವನ್ನು ಮನೆಯಲ್ಲಿ ಬೆಳೆಸುವುದು ಹತ್ತು ವರ್ಷಗಳವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದಾದ ಅಪರಾಧ. ಅದು ಬದಿಗಿರಲಿ, ಅಲ್ಲಿ ಹೇಳುವ ಪ್ರಖರ ದೀಪ, ಗಾಢವಾದ ಗೊಬ್ಬರದ ಲೆಕ್ಕಗಳನ್ನು ಪಾಲಕ್ಕಿಗೆ ಅನ್ವಯಿಸಿದರೆ ಎಲೆಯ ಅಂಚು ಸುಟ್ಟು ಹೋಗುತ್ತದೆ. ಸೊಪ್ಪಿನ ಲೆಕ್ಕವೇ ಬೇರೆ.

ಮೊದಲು ಬೇಕಾದದ್ದು ಬೆಳಕು ತೂರದ, ಮುಚ್ಚಳವಿರುವ, ಸುಮಾರು 20 ಲೀಟರಿನ ಪ್ಲಾಸ್ಟಿಕ್ ಪೆಟ್ಟಿಗೆ. ಪಾರದರ್ಶಕ ಪೆಟ್ಟಿಗೆ ಅಗ್ಗವೆಂದು ತಂದರೆ ವಾರದೊಳಗೆ ನೀರು ಹಸಿರಾಗಿ ಪಾಚಿ ಕಟ್ಟುತ್ತದೆ. ಈಗಾಗಲೇ ತಂದಿದ್ದರೆ ಹೊರಗಿನಿಂದ ಮೊದಲು ಕಪ್ಪು, ಅದರ ಮೇಲೆ ಬಿಳಿ ಬಣ್ಣ ಬಳಿಯಬೇಕು. ಕಪ್ಪು ಬೆಳಕನ್ನು ತಡೆಯುತ್ತದೆ, ಬಿಳಿ ಬಿಸಿಲಿನ ಕಾವನ್ನು. ಮುಚ್ಚಳದಲ್ಲಿ ನೆಟ್ ಕಪ್, ಅಂದರೆ ಜಾಲರಿಯಂಥ ಪುಟ್ಟ ಕುಂಡ, ಕೂರುವಂತೆ ಎರಡಂಗುಲದ ನಾಲ್ಕು ತೂತು ಸಾಕು, ಏಕೆಂದರೆ ಕ್ರಾಟ್ಕಿ ವಿಧಾನದಲ್ಲಿ ಒಂದು ಸೊಪ್ಪಿನ ಗಿಡಕ್ಕೆ ನಾಲ್ಕು ಲೀಟರಿನಷ್ಟು ನೀರು ಬೇಕಾಗುತ್ತದೆ. ತುಂಬಿದ ಪೆಟ್ಟಿಗೆ 20 ಕಿಲೊ ತೂಗುವುದರಿಂದ ಅದನ್ನು ಕಿಟಕಿಯ ಗ್ರಿಲ್ಲಿನ ಮೇಲಾಗಲಿ ಛಜ್ಜಾದ ಮೇಲಾಗಲಿ ಇಡಕೂಡದು. ಗೋಡೆಗೆ ತಾಗಿದ ನೆಲವೇ ಅದರ ಜಾಗ.

ಇನ್ನು ನೀರು. ಭಾತ್ಸಾ, ತಾನ್ಸಾ, ವೈತರಣಾ ಮೊದಲಾದ ಜಲಾಶಯಗಳಿಂದ ಬರುವ ಮುಂಬಯಿಯ ನಲ್ಲಿ ನೀರು ಮೆದು ನೀರು. ಜಲಕೃಷಿಗೆ ಇದೊಂದು ಭಾಗ್ಯವೇ ಸರಿ. ಬಕೆಟ್ಟಿನಲ್ಲಿ ಒಂದು ರಾತ್ರಿ ತೆರೆದಿಟ್ಟರೆ ಅದರಲ್ಲಿನ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಟ್ಯಾಂಕರಿನ ಇಲ್ಲವೇ ಬೋರ್‌ವೆಲ್ಲಿನ ನೀರನ್ನೇ ನೆಚ್ಚಿರುವ ಕಟ್ಟಡಗಳಲ್ಲಿ ಮಾತ್ರ ಗೊಬ್ಬರ ಹಾಕುವ ಮೊದಲೇ ನೀರಿನ ಲವಣಾಂಶವನ್ನು ಟಿಡಿಎಸ್ ಪೆನ್ನಿನಿಂದ ಅಳೆಯಬೇಕು. ಅದೇ ಹೆಚ್ಚಿದ್ದರೆ ಸೊಪ್ಪಿನ ಆಸೆ ಬಿಡುವುದು, ಇಲ್ಲವೇ ಆರ್‌ಒ ಯಂತ್ರದಲ್ಲಿ ಶೋಧಿಸಿದ ನೀರು ಬಳಸುವುದು ಒಳ್ಳೆಯದು.

ಗೊಬ್ಬರದ ವಿಷಯದಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನಲ್ಲಿರುವ, ನರ್ಸರಿಯಲ್ಲಿ ಸಿಗುವ 19:19:19 ಪುಡಿಯನ್ನು ನೀರಿಗೆ ಕಲಕಿ ಕೂರುವುದು. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಸಾರಜನಕದ ಹೆಚ್ಚಿನ ಪಾಲು ಯೂರಿಯಾ ರೂಪದಲ್ಲಿದೆ, ಮತ್ತು ಮಣ್ಣಿನ ಸೂಕ್ಷ್ಮಜೀವಿಗಳಿಲ್ಲದ ನೀರಿನಲ್ಲಿ ಆ ಯೂರಿಯಾ ಗಿಡಕ್ಕೆ ಸರಿಯಾಗಿ ದಕ್ಕುವುದಿಲ್ಲ. ಜಲಕೃಷಿಗೆಂದೇ ‘ಎ’ ಮತ್ತು ‘ಬಿ’ ಎಂಬ ಎರಡು ಸೀಸೆಗಳಲ್ಲಿ ಬರುವ ಪೋಷಕವನ್ನೇ ಕೊಳ್ಳಬೇಕು. ಎರಡು ಸೀಸೆ ಏಕೆಂದರೆ, ಗಾಢ ರೂಪದಲ್ಲಿ ಬೆರೆತರೆ ಒಂದರಲ್ಲಿನ ಕ್ಯಾಲ್ಸಿಯಂ ಇನ್ನೊಂದರಲ್ಲಿನ ಸಲ್ಫೇಟ್ ಮತ್ತು ಫಾಸ್ಫೇಟುಗಳೊಂದಿಗೆ ಸೇರಿ ಬಿಳಿಯ ಗಸಿಯಾಗಿ ತಳ ಸೇರುತ್ತದೆ. ತಳ ಸೇರಿದ್ದು ಬೇರಿಗೆ ಸೇರದು. ಆದ್ದರಿಂದ ಪೂರ್ತಿ ನೀರಿಗೆ ಮೊದಲು ಒಂದನ್ನು ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಇನ್ನೊಂದನ್ನು ಹಾಕಬೇಕು. ಎಳೆ ಸಸಿಗೆ ಸೀಸೆಯ ಮೇಲೆ ಬರೆದ ಪ್ರಮಾಣದ ಅರ್ಧ ಸಾಕು. ಬಲಿತ ಪಾಲಕ್ ಮತ್ತು ಬಸಳೆಗೆ ಇಸಿ, ಅಂದರೆ ವಿದ್ಯುದ್ವಾಹಕತೆ, 1.5ರಿಂದ 2ರವರೆಗೆ (mS/cm) ಇರಬಹುದು. ಬಿರುಬೇಸಿಗೆಯಲ್ಲಿ ಗಿಡವು ಗೊಬ್ಬರಕ್ಕಿಂತ ನೀರನ್ನೇ ಹೆಚ್ಚು ಹೀರುವುದರಿಂದ ಇದನ್ನು ಇಳಿಸಬೇಕು. ಟಿಡಿಎಸ್ ಪೆನ್ನುಗಳಲ್ಲಿ ಕೆಲವು ಇಸಿ 1ನ್ನು 500 ಎಂದೂ ಕೆಲವು 700 ಎಂದೂ ತೋರಿಸುತ್ತವೆ, ಹಾಗಾಗಿ ಸ್ನೇಹಿತರ ಸಂಖ್ಯೆಯನ್ನು ನಿಮ್ಮ ಪೆನ್ನಿಗೆ ಹೊಂದಿಸಲು ಹೋಗಬೇಡಿ.

ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 5.5ರಿಂದ 6.5ರ ಒಳಗಿರಬೇಕು. ಗಿಡ ನೈಟ್ರೇಟ್ ಹೀರಿದಂತೆಲ್ಲ ಅದು ಏರುತ್ತ ಹೋಗುತ್ತದೆ, ಏರಿದಾಗ ಕಬ್ಬಿಣಾಂಶ ಸಿಗದೆ ಹೊಸ ಎಲೆಗಳು ನರ ಮಾತ್ರ ಹಸಿರುಳಿದು ಹಳದಿಯಾಗುತ್ತವೆ. ಆಗ ಕಬ್ಬಿಣ ಸುರಿಯುವ ಬದಲು ಪಿಎಚ್ ತಗ್ಗಿಸುವ ದ್ರಾವಣದ ಕೆಲವು ಹನಿ ಹಾಕಿ ನೋಡಬೇಕು. ನಿಂಬೆರಸವೂ ಇಳಿಸುತ್ತದೆ, ಆದರೆ ಅದರ ಪರಿಣಾಮ ಹೆಚ್ಚು ದಿನ ನಿಲ್ಲುವುದಿಲ್ಲ.

ಏನನ್ನು ನೆಡಬೇಕು? ಜಲಕೃಷಿಯೆಂದೊಡನೆ ಎಲ್ಲರ ಬಾಯಲ್ಲೂ ಬರುವುದು ಲೆಟ್ಯೂಸ್. ನಾನೂ ಅದರಿಂದಲೇ ಆರಂಭಿಸಿ ಎರಡು ಬೇಸಿಗೆ ಕಳೆದುಕೊಂಡೆ: 30 ಡಿಗ್ರಿ ದಾಟಿದರೆ ಅದರ ಬೀಜವೇ ಮೊಳೆಯಲು ಹಿಂಜರಿಯುತ್ತದೆ, ಮೊಳೆತದ್ದು ಉದ್ದಕ್ಕೆ ಎದ್ದು ಹೂಬಿಟ್ಟು ಕಹಿಯಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಅದನ್ನು ಬೆಳೆದುಕೊಳ್ಳಿ. ಉಳಿದ ತಿಂಗಳು ನಮ್ಮ ಕರಾವಳಿಯ ಸೆಖೆಯಲ್ಲೇ ಹುಟ್ಟಿ ಬೆಳೆದವನ್ನು ನಂಬಿ. ಬಸಳೆಗೆ ಬೀಜವೇ ಬೇಡ. ಮಾರುಕಟ್ಟೆಯಿಂದ ತಂದ ಕಟ್ಟಿನಲ್ಲಿ ಗಟ್ಟಿಯಾದ ದಂಟನ್ನು ಗೆಣ್ಣಿನ ತುಸು ಕೆಳಗೆ, ಒಂದು ಗೇಣು ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಲೋಟದ ನೀರಿನಲ್ಲಿ ನಿಲ್ಲಿಸಿದರೆ ವಾರ ಹತ್ತು ದಿನದಲ್ಲಿ ಬಿಳಿ ಬೇರು ಬರುತ್ತದೆ. ಪುದೀನ, ಒಂದೆಲಗ, ದೊಡ್ಡಪತ್ರೆಗಳನ್ನೂ ಹೀಗೆಯೇ ಬೇರು ಬರಿಸಬಹುದು. ಪಾಲಕ್ ಬೀಜವನ್ನು ರಾತ್ರಿಯಿಡೀ ನೆನೆಸಿ, ತೊಳೆದ ತೆಂಗಿನ ನಾರಿನ ಪುಡಿಯಲ್ಲಿ ಬಿತ್ತಬೇಕು. ಒಂದೊಂದು ಬೀಜವೂ ಹಲವು ಬೀಜಗಳ ಗಂಟಾದ್ದರಿಂದ ಎರಡು ಮೂರು ಸಸಿ ಒಟ್ಟಿಗೆ ಹುಟ್ಟಿದರೆ ಬಲವಾದದ್ದನ್ನುಳಿಸಿ ಮಿಕ್ಕವನ್ನು ಚಿವುಟಿ ತೆಗೆಯಬೇಕು. ಮೆಂತ್ಯಕ್ಕೆ ಕಿತ್ತು ನೆಡುವುದು ಆಗಿಬರುವುದಿಲ್ಲ. ಮುಂಬಯಿಯ ಮರಳಿನಲ್ಲಿ ಬೆಳೆದು ಬೇರು ಸಹಿತ ಪುಟ್ಟ ಕಟ್ಟಾಗಿ ಮಾರಾಟವಾಗುವ ‘ಸಮುದ್ರ ಮೇಥಿ’ಯನ್ನು ನೆನೆದು, ಬೀಜವನ್ನು ಒತ್ತಾಗಿ ಅಗಲವಾದ ಜಾಲರಿಯಲ್ಲೇ ಹರಡಿ ಎಳೆಯದರಲ್ಲೇ ಕಿತ್ತುಕೊಳ್ಳುವುದು ಲೇಸು.

ಬೇರು ಬಂದ ಸಸಿಯನ್ನು ನೆಟ್ ಕಪ್ಪಿನಲ್ಲಿ ಸುಟ್ಟ ಜೇಡಿಯ ಉಂಡೆಗಳ ನಡುವೆ ನಿಲ್ಲಿಸಿ, ಕಪ್ಪಿನ ತಳ ಒಂದು ಸೆಂಟಿಮೀಟರ್ ಮುಳುಗುವಷ್ಟು ನೀರು ತುಂಬಿ ಮುಚ್ಚಳ ಹಾಕಿಬಿಡಿ. ನೀರು ಇಳಿದಂತೆ ಬೇರಿನ ಮೇಲಿನ ಭಾಗ ಗಾಳಿಗೆ ತೆರೆದುಕೊಂಡು ಅಲ್ಲಿಂದ ಆಮ್ಲಜನಕ ಹೀರುತ್ತದೆ. ವಿಧಾನದ ಗುಟ್ಟಿರುವುದೇ ಈ ಗಾಳಿಯ ಸಂದಿನಲ್ಲಿ. ನೀರು ಕಡಿಮೆಯಾಯಿತೆಂದು ಮರುಕದಿಂದ ಮತ್ತೆ ಕಂಠದವರೆಗೆ ತುಂಬಿದರೆ ಆ ಬೇರುಗಳು ಉಸಿರು ಕಟ್ಟಿ ಸಾಯುತ್ತವೆ. ಅರ್ಧಕ್ಕಿಂತ ಮೇಲೆ ತುಂಬಬಾರದು. ತಿಂಗಳುಗಟ್ಟಲೆ ಕೊಯ್ಯುವ ಬಸಳೆಗೆ ಮಾತ್ರ ಅಕ್ವೇರಿಯಂ ಅಂಗಡಿಯ ಚಿಕ್ಕ ಗಾಳಿ ಪಂಪು ಹಾಕಿದರೆ ನಿಶ್ಚಿಂತೆ.

ಬೆಳಕಿಗೆ 6500 ಕೆಲ್ವಿನ್‌ನ, ಅಂದರೆ ತಂಪು ಬಿಳಿ ಬಣ್ಣದ, ಸಾಮಾನ್ಯ 20 ವ್ಯಾಟ್ ಎಲ್‌ಇಡಿ ಪಟ್ಟಿ ಎರಡು, ಗಿಡದ ತುದಿಯಿಂದ ಒಂದು ಗೇಣು ಎತ್ತರದಲ್ಲಿ, ದಿನಕ್ಕೆ 14 ಗಂಟೆ. ನೇರಳೆ ದೀಪಗಳು ಬೇಕಿಲ್ಲ. ತಿಂಗಳಿಗೆ ಸುಮಾರು 17 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಹಗಲು ಚಿಕ್ಕದಾದಾಗ ಹೂವಿಗೆ ಹೊರಳುವ ಬಸಳೆಯನ್ನು ಈ 14 ಗಂಟೆ ಎಲೆಯಲ್ಲೇ ತಡೆದಿಡುತ್ತದೆ.

ಮುಂಬಯಿಯಲ್ಲಿ ಜಲಕೃಷಿಯ ನಿಜವಾದ ಶತ್ರು ಗೊಬ್ಬರದ ಕೊರತೆಯಲ್ಲ, ನೀರಿನ ಬಿಸಿ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ 30 ಡಿಗ್ರಿಯದು ಹಿಡಿಯುವುದು ಏಳೂವರೆ ಮಾತ್ರ. ಉಸಿರಿಗೆ ಬಡವಾದ ಬೇರಿನ ಮೇಲೆ ಪಿಥಿಯಂ ಎಂಬ ಸೂಕ್ಷ್ಮಜೀವಿಯ ಕೊಳೆರೋಗ ಎರಗುತ್ತದೆ: ಬೇರು ಕಂದಾಗಿ, ಲೋಳೆ ಕಟ್ಟಿ, ಮುಚ್ಚಳ ತೆರೆದೊಡನೆ ಕೊಳೆತ ವಾಸನೆ ಬರುತ್ತದೆ, ನೀರಿನಲ್ಲೇ ನಿಂತ ಗಿಡ ಬಾಯಾರಿದಂತೆ ಬಾಡುತ್ತದೆ. ಒಂದು ಮೇ ತಿಂಗಳಲ್ಲಿ ನನ್ನ ಎರಡು ಪೆಟ್ಟಿಗೆಯ ಪಾಲಕ್ ಹೀಗೆಯೇ ಮೂರು ದಿನದಲ್ಲಿ ಹೋಯಿತು. ಅಂದಿನಿಂದ ಬೇಸಿಗೆಯಲ್ಲಿ ದೀಪವನ್ನು ಹಗಲಿಗೆ ಬದಲಾಗಿ ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ಉರಿಸುತ್ತೇನೆ. ಮಧ್ಯಾಹ್ನ ಅರ್ಧ ಲೀಟರಿನ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ಬಾಟಲಿ ಸಮೇತ ಪೆಟ್ಟಿಗೆಗೆ ಇಳಿಬಿಡುತ್ತೇನೆ.

ಮಳೆಗಾಲದಲ್ಲಿ ಚಿಂತೆ ಸೊಳ್ಳೆಯದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನಿಂತ ತಿಳಿನೀರಿನ ಅಂಚಿನಲ್ಲೇ, ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಪಾಲಿಕೆಯವರು ಮನೆಮನೆಗೆ ಬಂದು ಹೂಕುಂಡದ ತಟ್ಟೆಯನ್ನೂ ಬಿಡದೆ ನೋಡುವ ಕಾಲವದು. ಗಿಡವಿಲ್ಲದ ತೂತುಗಳಿಗೆ ಟೇಪ್ ಅಂಟಿಸಿ, ಗಾಳಿ ನಳಿಗೆಯ ಸಂದಿಗೆ ಹತ್ತಿ ತುರುಕಿ, ವಾರಕ್ಕೊಮ್ಮೆ ಮುಚ್ಚಳವೆತ್ತಿ ಟಾರ್ಚಿನ ಬೆಳಕಿನಲ್ಲಿ ಹುಳ ಹುಡುಕುವುದನ್ನು ತಪ್ಪಿಸಬಾರದು.

ಪಾಲಕ್ ಒಂದು ತಿಂಗಳು ಐದಾರು ದಿನಕ್ಕೆ ಕೊಯ್ಲಿಗೆ ಬರುತ್ತದೆ. ಹೊರಗಿನ ಎಲೆಗಳನ್ನಷ್ಟೇ ಕತ್ತರಿಸಿದರೆ ಇನ್ನೆರಡು ಮೂರು ಸಲ ಚಿಗುರುತ್ತದೆ. ಬಸಳೆಯ ತುದಿಯನ್ನು ಚಿವುಟುತ್ತಲೇ ಇರಬೇಕು, ಇಲ್ಲವಾದರೆ ಅದು ಪರದೆಯ ಕೋಲನ್ನು ಹಿಡಿದು ಫ್ಯಾನಿನತ್ತ ಹೊರಡುತ್ತದೆ. ಎರಡು ಮೂರು ವಾರಕ್ಕೊಮ್ಮೆ ಪೆಟ್ಟಿಗೆ ಬರಿದು ಮಾಡಿ ಉಜ್ಜಿ ತೊಳೆದು ಹೊಸ ದ್ರಾವಣವನ್ನು ಅರ್ಧದವರೆಗೆ ತುಂಬಬೇಕು. ಹಳೆಯ ನೀರನ್ನು ಮೋರಿಗೆ ಚೆಲ್ಲದೆ, ಅಷ್ಟೇ ಸಾದಾ ನೀರು ಬೆರೆಸಿ, ಸೊಸೈಟಿಯ ಕಂಪೌಂಡಿನ ದಾಸವಾಳಕ್ಕೋ ತೆಂಗಿಗೋ ಹಾಕಿ ಬರಬಹುದು.