ಬಾಗಿಲು ತೆಗೆಯುವ ಮೊದಲೇ ರೇಟು: ಮೆಕ್ಸಿಕೊದ ಟ್ಯಾಕ್ಸಿಗಳಲ್ಲಿ ನನ್ನ ಅನುಭವ

ಕ್ಯಾನ್‌ಕುನ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ದಾಟಿದ ಮೇಲೆ ನೇರವಾಗಿ ರಸ್ತೆ ಸಿಗುವುದಿಲ್ಲ. ಮೊದಲು ಒಂದು ಹಾಲ್ ಬರುತ್ತದೆ. ಎರಡೂ ಕಡೆ ಕೌಂಟರ್‌ಗಳು, ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡು ಇಸ್ತ್ರಿ ಶರ್ಟ್‌ನಲ್ಲಿ ನಿಂತ ಜನ. ನೋಡಿದರೆ ಎಲ್ಲರೂ ಏರ್‌ಪೋರ್ಟ್‌ನವರೇ ಅನ್ನಿಸುತ್ತದೆ. ಅವರಲ್ಲಿ ಒಬ್ಬರು ನಗುತ್ತಾ ಬಂದು, ಯಾವ ಹೋಟೆಲ್ ಅಂತ ಕೇಳಿ, ಅಮ್ಮನ ಟ್ರಾಲಿಗೆ ಕೈ ಹಾಕಿ, ಟ್ಯಾಕ್ಸಿ 80 ಡಾಲರ್ ಅಂದರು.

"ಎಷ್ಟಂತೆ ಮಗಾ?" ಅಂದರು ಅಪ್ಪ. ಹೇಳಿದೆ. ಅವರು ನಿಂತಲ್ಲೇ ಲೆಕ್ಕ ಹಾಕಿದರು. "ಆರು ಸಾವಿರದ ಆರುನೂರು ರೂಪಾಯಿ! ಊರು ಅಷ್ಟು ದೂರ ಇದೆಯಾ?"

ದೂರ ಏನಿಲ್ಲ, 20 ಕಿಲೋಮೀಟರ್‌ ಒಳಗೇ. ಇದು 2023ರ ಡಿಸೆಂಬರ್ ಮಾತು. ಒಂದು ಡಾಲರ್‌ಗೆ ಸುಮಾರು 17 ಪೆಸೊ ಸಿಗುತ್ತಿತ್ತು, ಒಂದು ಪೆಸೊ ಅಂದರೆ ಹತ್ತಿರ ಹತ್ತಿರ 5 ರೂಪಾಯಿ. ನಾನು ಡಲ್ಲಾಸ್‌ನಲ್ಲಿ ಕೆಲಸ ಮಾಡುತ್ತೇನೆ. ಅಪ್ಪ ಅಮ್ಮ ಹಾಸನದಿಂದ ನನ್ನ ಹತ್ತಿರ ಬಂದಿದ್ದರು. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಭಾರತೀಯರಿಗೆ ಮೆಕ್ಸಿಕೊ ಪ್ರವಾಸಕ್ಕೆ ಬೇರೆ ವೀಸಾ ಬೇಕಾಗುವುದಿಲ್ಲ. ಅದಕ್ಕೇ ಅಮೆರಿಕದಲ್ಲಿರುವ ನಮ್ಮವರು ಬಹಳ ಜನ, ಊರಿಂದ ಅಪ್ಪ ಅಮ್ಮ ಬಂದಾಗ ಅವರನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ ಬರುತ್ತಾರೆ. ನಾವು ಮೂರು ಊರು ನೋಡಿದೆವು: ಕ್ಯಾನ್‌ಕುನ್, ಮೆಕ್ಸಿಕೊ ಸಿಟಿ, ವಹಾಕಾ. ಒಂದೇ ದೇಶ, ಆದರೆ ಟ್ಯಾಕ್ಸಿಯ ಪದ್ಧತಿ ಮೂರು ಊರಲ್ಲೂ ಬೇರೆ ಬೇರೆ. ಒಂದು ಊರಲ್ಲಿ ಕಲಿತದ್ದು ಇನ್ನೊಂದು ಊರಲ್ಲಿ ಕೆಲಸಕ್ಕೆ ಬರುವುದಿಲ್ಲ. ಇದು ಗೊತ್ತಿಲ್ಲದೆ ನಾನು ದುಡ್ಡು ಕಳೆದುಕೊಂಡೆ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕ್ಯಾನ್‌ಕುನ್. ಅಲ್ಲಿನ ಟ್ಯಾಕ್ಸಿಗಳಲ್ಲಿ ಮೀಟರ್ ಇಲ್ಲ. ಕೆಟ್ಟಿರುವುದಲ್ಲ, ಇಲ್ಲವೇ ಇಲ್ಲ. ಏರಿಯಾ ನೋಡಿ ರೇಟು. ಸಮುದ್ರದ ಪಕ್ಕ ದೊಡ್ಡ ಹೋಟೆಲ್‌ಗಳ ಸಾಲು ಇದೆಯಲ್ಲ, ಅಲ್ಲಿಂದ ಹತ್ತಿದರೆ ಒಂದು ರೇಟು, ಜನ ವಾಸ ಮಾಡುವ ಊರೊಳಗೆ ಹತ್ತಿದರೆ ಇನ್ನೊಂದು. ಅಷ್ಟೇ ದೂರಕ್ಕೆ ಹೋಟೆಲ್ ಸಾಲಿನಲ್ಲಿ ಜಾಸ್ತಿ. ಎಷ್ಟೋ ಹೋಟೆಲ್‌ಗಳ ಲಾಬಿಯಲ್ಲಿ ಟ್ಯಾಕ್ಸಿ ರೇಟಿನ ಬೋರ್ಡೇ ಇರುತ್ತದೆ. ಹತ್ತುವ ಮುಂಚೆ ಅದನ್ನೊಮ್ಮೆ ನೋಡಿ, ಫೋನ್‌ನಲ್ಲಿ ಫೋಟೊ ತೆಗೆದುಕೊಳ್ಳಿ.

ವಿಮಾನ ನಿಲ್ದಾಣದ ಒಳಗೆ ಊಬರ್ ಬಂದು ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಊಬರ್‌ಗೂ ಟ್ಯಾಕ್ಸಿಯವರಿಗೂ ಅಲ್ಲಿ ದೊಡ್ಡ ಜಗಳ. ಆ ವರ್ಷದ ಜನವರಿಯಲ್ಲಿ ಕೋರ್ಟು ಊಬರ್ ಪರ ಆದೇಶ ಕೊಟ್ಟ ಮೇಲೆ ಟ್ಯಾಕ್ಸಿಯವರು ಹೋಟೆಲ್ ಸಾಲಿನ ಮುಖ್ಯ ರಸ್ತೆಯನ್ನೇ ಬಂದ್ ಮಾಡಿದ್ದರು, ಪ್ರವಾಸಿಗರು ಸೂಟ್‌ಕೇಸ್ ಎಳೆದುಕೊಂಡು ನಡೆದು ಹೋಗಬೇಕಾಯಿತು. ಹಾಗಾಗಿ ಏರ್‌ಪೋರ್ಟ್‌ನಲ್ಲಿ ನಿಂತು ಆ್ಯಪ್ ತೆರೆದು ಕಾಯುತ್ತಾ ಕೂರಲಿಲ್ಲ.

ನಾವು ಬಸ್ ಹಿಡಿದೆವು. ಎಡಿಒ ಅಂತ ಬಸ್ ಕಂಪನಿ, ಅಲ್ಲಿನವರು ಆ-ದೆ-ಓ ಅನ್ನುತ್ತಾರೆ. ಹಾಲ್‌ನಲ್ಲಿ ಯಾರಿಗೂ ಉತ್ತರ ಕೊಡದೆ, "ನೋ, ಗ್ರಾಸಿಯಾಸ್" ಅನ್ನುತ್ತಾ, ನಿಲ್ಲದೆ ಹೊರಗೆ ಬಂದರೆ ಟರ್ಮಿನಲ್ ಮುಂದೆಯೇ ಬಸ್ಸು. ಆಗ ತಲೆಗೆ 100 ಪೆಸೊ ಆಸುಪಾಸು ಇತ್ತು. ಮೂವರಿಗೂ ಸೇರಿ 18 ಡಾಲರ್ ಆಯಿತು, ಅರ್ಧ ಗಂಟೆಯಲ್ಲಿ ಊರೊಳಗಿನ ಬಸ್ ನಿಲ್ದಾಣ. ನಾನು ಹೋಟೆಲ್ ಕೂಡ ಆ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರವೇ ಮಾಡಿದ್ದೆ. ಸಮುದ್ರ ನೋಡಲು ಅಲ್ಲಿಂದ ಆರ್-1 ಸಿಟಿ ಬಸ್ಸಿದೆ, ಕೆಲವೇ ಪೆಸೊ. ಕ್ಯಾನ್‌ಕುನ್‌ನಲ್ಲಿ ಇದ್ದ ನಾಲ್ಕು ದಿನದಲ್ಲಿ ಟ್ಯಾಕ್ಸಿ ಹತ್ತಿದ್ದು ಎರಡೇ ಸಲ.

ಆ ಎರಡು ಸಲದಲ್ಲೇ ಒಂದು ಪಾಠ ಆಯಿತು. ರಾತ್ರಿ ಬೀಚಿನಿಂದ ವಾಪಸ್ ಬರುವಾಗ ಎಷ್ಟು ಅಂತ ಕೇಳಿದೆ, 300 ಅಂದರು, ಹತ್ತಿದೆವು. ಇಳಿಯುವಾಗ "ತಲೆಗೆ 300" ಅಂದರು. 900 ಪೆಸೊ! ಅಮ್ಮ ಸುಸ್ತಾಗಿದ್ದರು, ರಸ್ತೆಯಲ್ಲಿ ಜನ ಇರಲಿಲ್ಲ. ನಾನು ಮೂರು ಬೆರಳು ತೋರಿಸಿ, ಮೂವರನ್ನೂ ತೋರಿಸಿ, 300 ಇಟ್ಟೆ. ಸ್ವಲ್ಪ ಮಾತು ಜೋರಾಯಿತು. ಕೊನೆಗೆ 500ಕ್ಕೆ ಮುಗಿಸಿದೆ. ಆವತ್ತಿಂದ ರೇಟು ಕೇಳುವಾಗ ಮೂರು ವಿಷಯ ಒಟ್ಟಿಗೆ ಕೇಳುತ್ತೇನೆ. ಪೆಸೊನಾ ಡಾಲರಾ, ತಲೆಗಾ ಎಲ್ಲರಿಗೂ ಸೇರಿನಾ, ಬರೀ ಹೋಗೋದಕ್ಕಾ ಹೋಗಿ ಬರೋದಕ್ಕಾ. ಪೆಸೊ ಡಾಲರ್ ಯಾಕೆ ಕೇಳಬೇಕು ಅಂದರೆ, ಮೆಕ್ಸಿಕೊದಲ್ಲಿ ಪೆಸೊಗೂ ಅದೇ ಡಾಲರ್ ಚಿಹ್ನೆ ಹಾಕುತ್ತಾರೆ. ಬೋರ್ಡ್‌ನಲ್ಲಿ ಆ ಚಿಹ್ನೆ ಮುಂದೆ 40 ಅಂತ ಇದ್ದರೆ ಯಾವುದು ಅಂತ ತಿಳಿಯುವುದಿಲ್ಲ, ವ್ಯತ್ಯಾಸ 17 ಪಟ್ಟು.

ಸ್ಪ್ಯಾನಿಷ್ ನನಗೆ ಬರುವುದಿಲ್ಲ. ಬೇಕಾಗಿದ್ದು ನಾಲ್ಕು ಮಾತು ಅಷ್ಟೇ. "ಕ್ವಾಂತೊ ಮೆ ಕೋಬ್ರಾ ಆ..." ಅಂದು ಜಾಗದ ಹೆಸರು ಹೇಳಿದರೆ "ಅಲ್ಲಿಗೆ ಎಷ್ಟು ತಗೋತೀರಿ" ಅಂತ. "ಪೋರ್ ತೋದೋಸ್" ಅಂದರೆ ಎಲ್ಲರಿಗೂ ಸೇರಿ. "ಇದಾ ಇ ವುಯೆಲ್ತಾ" ಅಂದರೆ ಹೋಗಿ ಬರೋದಕ್ಕೆ. "ತಕ್ಸಿಮೆತ್ರೊ, ಪೋರ್ ಫಾವೋರ್" ಅಂದರೆ ಮೀಟರ್ ಹಾಕಿ. ಆದರೆ ಅವರು ಹೇಳುವ ಸಂಖ್ಯೆ ಕಿವಿಗೆ ಸರಿಯಾಗಿ ಸಿಗುವುದಿಲ್ಲ. 60 ಅಂದರೆ ಸೆಸೆಂತಾ, 70 ಅಂದರೆ ಸೆತೆಂತಾ. 2 ದೋಸ್, 12 ದೋಸೆ! ನಮಗೆ ದೋಸೆ ನೆನಪಿರುತ್ತದೆ, ಸಂಖ್ಯೆ ನೆನಪಿರುವುದಿಲ್ಲ. ಅದಕ್ಕೇ ಫೋನಿನ ಕ್ಯಾಲ್ಕುಲೇಟರ್ ಮುಂದೆ ಹಿಡಿದು ಅವರ ಕೈಯಲ್ಲೇ ಒತ್ತಿಸಿದೆ. ಒತ್ತಿದ ಸಂಖ್ಯೆ ಇಳಿಯುವವರೆಗೂ ಸ್ಕ್ರೀನ್ ಮೇಲೆ ಹಾಗೇ ಇರಲಿ.

ಮೆಕ್ಸಿಕೊ ಸಿಟಿಯಲ್ಲಿ ಕಥೆ ಬೇರೆ. ಅಲ್ಲಿನ ಬೆನಿತೊ ಹುವಾರೆಸ್ ವಿಮಾನ ನಿಲ್ದಾಣದ ಒಳಗೇ ಅಧಿಕೃತ ಟ್ಯಾಕ್ಸಿಯ ಬೂತ್‌ಗಳಿವೆ. ಏರಿಯಾ ಹೇಳಿ, ದುಡ್ಡು ಕಟ್ಟಿ, ಚೀಟಿ ತಗೊಂಡು, ಹೊರಗೆ ಸಾಲಿನಲ್ಲಿ ನಿಂತು ಡ್ರೈವರ್‌ಗೆ ಚೀಟಿ ಕೊಟ್ಟರೆ ಮುಗಿಯಿತು. ಒಂದೇ ಕಂಪನಿಯದಲ್ಲ, ಹಲವು ಬೂತ್. ಎರಡು ಮೂರು ಕಡೆ ಕೇಳಿ. ನಮಗೆ ಹಳೇ ಪೇಟೆ ಕಡೆಗೆ 300 ಪೆಸೊ ಒಳಗೆ ಆಯಿತು. ಬೂತ್‌ಗೂ ಬಾಗಿಲಿಗೂ ನಡುವೆ "ಟ್ಯಾಕ್ಸಿ, ಟ್ಯಾಕ್ಸಿ" ಅಂತ ಬರುವವರ ಹಿಂದೆ ಹೋಗಬೇಡಿ, ಚೀಟಿ ಸಿಕ್ಕಿದ ಮೇಲೂ ಹೋಗಬೇಡಿ. ಒಬ್ಬರೇ, ಸಾಮಾನು ಕಮ್ಮಿ ಅಂದರೆ ಮೆಟ್ರೊಬಸ್ಸಿನ 4ನೇ ಲೈನು ಏರ್‌ಪೋರ್ಟ್‌ಗೇ ಬರುತ್ತದೆ, 30 ಪೆಸೊ. ಊರೊಳಗಿನ ಮೆಟ್ರೊ ರೈಲಂತೂ ಎಷ್ಟು ದೂರ ಹೋದರೂ 5 ಪೆಸೊ. ಅಪ್ಪನಿಗೆ ಇದು ಎಷ್ಟು ಇಷ್ಟವಾಯಿತು ಅಂದರೆ ಸುಮ್ನೆ ಒಂದು ಸಲ ಹತ್ತಿ ಕೊನೆ ಸ್ಟೇಷನ್‌ವರೆಗೆ ಹೋಗಿ ಬಂದರು.

ಬೀದಿಯಲ್ಲಿ ಓಡಾಡುವ ಟ್ಯಾಕ್ಸಿಗಳು ಅಲ್ಲಿ ಗುಲಾಬಿ-ಬಿಳಿ ಬಣ್ಣ. ಇವುಗಳಲ್ಲಿ ಮೀಟರ್ ಇದೆ. ಸೋಕಲೊ ಚೌಕದ ಹತ್ತಿರ ಮೊದಲನೆಯವರನ್ನು ಕೇಳಿದರೆ ಮೀಟರ್ ಕೆಟ್ಟಿದೆ ಅಂದರು. "ನಮ್ಮ ಮೆಜೆಸ್ಟಿಕ್ ತರಾನೇ ಇದೆ ಬಿಡು" ಅಂದರು ಅಪ್ಪ, ಬಾಗಿಲು ಮುಚ್ಚಿ ಹಿಂದೆ ಸರಿದೆವು. ಎರಡನೆಯವರು ಮೀಟರ್ ಹಾಕಿದರು. ಕಿಟಕಿಯಲ್ಲಿ ಡ್ರೈವರ್ ಫೋಟೊ ಇರುವ ಕಾರ್ಡ್ ಅಂಟಿಸಿರುತ್ತಾರೆ, ಫೋಟೊಗೂ ಮುಖಕ್ಕೂ ತಾಳೆ ಆಗುತ್ತದಾ ನೋಡಿ. ರಾತ್ರಿ ಹೊತ್ತು ಮೀಟರ್ ಮೇಲೆ 20 ಪರ್ಸೆಂಟ್ ಜಾಸ್ತಿ ಕೇಳಿದರೆ ಅದು ಮೋಸ ಅಲ್ಲ, ಅಲ್ಲಿನ ನಿಯಮವೇ ಹಾಗೆ. ಆದರೂ ರಾತ್ರಿ ಬೀದಿಯಲ್ಲಿ ಕೈ ಅಡ್ಡ ಹಾಕಿ ಟ್ಯಾಕ್ಸಿ ಹತ್ತಬೇಡಿ ಅಂತಲೇ ನನ್ನ ಅಭಿಪ್ರಾಯ. ಆ ಊರಲ್ಲಿ ಪ್ರಯಾಣಿಕರನ್ನು ಟ್ಯಾಕ್ಸಿಯಲ್ಲೇ ಕೂರಿಸಿಕೊಂಡು ದೋಚಿದ ಪ್ರಕರಣಗಳು ಆಗಿವೆ. ರಾತ್ರಿ ನಾವು ಊಬರ್ ಇಲ್ಲಾ ಅದೇ ಥರದ ಡಿಡಿ ಅನ್ನುವ ಆ್ಯಪ್ ಮಾತ್ರ ಬಳಸಿದೆವು. ಎರಡೂ ಚೆನ್ನಾಗಿ ಸಿಗುತ್ತವೆ, ರೇಟು ಮೊದಲೇ ಕಾಣುತ್ತದೆ.

ಮೀಟರ್ ಹಾಕಿದ ಅದೇ ಟ್ಯಾಕ್ಸಿಯಲ್ಲಿ ನಾನು ದುಡ್ಡು ಕಳೆದುಕೊಂಡಿದ್ದು. ಮೀಟರ್ ಸರಿಯಾಗಿಯೇ ಓಡಿತು, ಎಲ್ಲಾ ಸರಿ. ಇಳಿಯುವಾಗ 500ರ ನೋಟು ಕೊಟ್ಟೆ. ಅವರು ಒಂದು ಕ್ಷಣ ಮುಂದೆ ತಿರುಗಿ, ಮತ್ತೆ ಹಿಂದೆ ತಿರುಗಿ, ಕೈಯಲ್ಲಿ 20ರ ನೋಟು ತೋರಿಸಿ "ನೀವು ಕೊಟ್ಟಿದ್ದು ಇದು" ಅಂದರು. ನನ್ನ ಮೇಲೇ ನನಗೆ ಅನುಮಾನ ಬಂತು. ಯಾಕೆಂದರೆ ಎರಡೂ ನೋಟು ನೀಲಿ, ಎರಡರ ಮೇಲೂ ಒಂದೇ ಮುಖ. 2018ರಲ್ಲಿ ಬಂದ 500ರ ನೋಟಿನ ಮೇಲೂ ಹಿಂದಿನ ಕಾಲದ ಅಧ್ಯಕ್ಷ ಬೆನಿತೊ ಹುವಾರೆಸ್, ಹಳೆಯ 20ರ ನೋಟಿನ ಮೇಲೂ ಅವರೇ. 2021ರಲ್ಲಿ ಹಸಿರು ಬಣ್ಣದ ಹೊಸ 20 ಬಂದಿದೆ, ಆದರೆ ಹಳೆಯ ನೀಲಿ ನೋಟು ಇನ್ನೂ ಓಡಾಡುತ್ತಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ ಹೆದರಿ ನನ್ನ ತೋಳು ಹಿಡಿದಿದ್ದರು. ನಾನು ಇನ್ನೊಂದು ನೋಟು ಕೊಟ್ಟು ಇಳಿದೆ. 480 ಪೆಸೊ, ಅಂದರೆ 2,300 ರೂಪಾಯಿ ಹೋಯಿತು. ಗಾಡಿಯ ನಂಬರ್ ಕೂಡ ಬರೆದುಕೊಂಡಿರಲಿಲ್ಲ, ಹಾಗಾಗಿ ದೂರು ಕೊಡಲೂ ಆಗಲಿಲ್ಲ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಅಮ್ಮ ಹೆದರಿದ್ದಕ್ಕೆ.

ಮಾರನೇ ದಿನ ಬೆಳಿಗ್ಗೆ ಹೋಟೆಲ್ ರಿಸೆಪ್ಷನ್‌ನಲ್ಲಿ ಕೂತಿದ್ದ ಅಕ್ಕ ಒಬ್ಬರು ಎರಡು ವಿಷಯ ಹೇಳಿಕೊಟ್ಟರು. ನೋಟು ಕೊಡುವಾಗ ಅದು ಎಷ್ಟರ ನೋಟು ಅಂತ ಬಾಯಿಬಿಟ್ಟು ಜೋರಾಗಿ ಹೇಳಬೇಕು: "ಕಿನ್ಯೆಂತೋಸ್", ಅಂದರೆ 500. ಕೈಯಿಂದ ಕೈಗೆ ಹೋಗುವಾಗ ಇಬ್ಬರಿಗೂ ಕಾಣುವ ಹಾಗೆ ಹಿಡಿಯಬೇಕು. ಎರಡನೆಯದು, ಟ್ಯಾಕ್ಸಿಗೆ 500 ಕೊಡುವ ಪರಿಸ್ಥಿತಿಯೇ ಬರಬಾರದು. ಎಟಿಎಂ ಕೊಡುವುದು ಬಹಳ ಸಲ 500ರ ನೋಟುಗಳನ್ನೇ. ಅದನ್ನು ಮೊದಲು ಓಕ್ಸೊ ಅಂಗಡಿಯಲ್ಲಿ ಮುರಿಸಿಕೊಳ್ಳಿ. ಓಕ್ಸೊ ಬೀದಿಗೊಂದು ಇದೆ, ಒಂದು ನೀರಿನ ಬಾಟಲಿ ತಗೊಂಡರೆ ಚಿಲ್ಲರೆ ಸಿಗುತ್ತದೆ. ಚಿಲ್ಲರೆ ಇದ್ದರೆ "ನನ್ನ ಹತ್ತಿರ ಚೇಂಜ್ ಇಲ್ಲ" ಅನ್ನುವ ಮಾತಿಗೂ ಜಾಗ ಇರುವುದಿಲ್ಲ ಅಲ್ವಾ. ನಾನು ಅದಕ್ಕೆ ಇನ್ನೊಂದು ಸೇರಿಸಿಕೊಂಡೆ, ಹತ್ತುವ ಮುಂಚೆ ನಂಬರ್ ಪ್ಲೇಟಿನ ಫೋಟೊ. ಎಲ್ಲರ ಎದುರಿಗೇ ತೆಗೆಯುತ್ತೇನೆ. ಯಾರೂ ಬೇಡ ಅಂದಿಲ್ಲ. ನಗರದವರದ್ದೇ ಒಂದು ಆ್ಯಪ್ ಇದೆ, ಅದರಲ್ಲಿ "ಮಿ ತಕ್ಸಿ" ಅಂತ ಒಂದು ಭಾಗ. ಪ್ಲೇಟ್ ನಂಬರ್ ಹಾಕಿದರೆ ಗಾಡಿ ನೋಂದಣಿ ಆಗಿದೆಯಾ ಅಂತ ತೋರಿಸುತ್ತದೆ, ತುರ್ತು ಬಟನ್ ಕೂಡ ಇದೆ. ಪೊಲೀಸ್ ಬೇಕಾದರೆ ಅಲ್ಲೂ 911.

ಅಲ್ಲಿಂದ ವಹಾಕಾಗೆ ರಾತ್ರಿ ಬಸ್ಸು, ಏಳು ಗಂಟೆ ದಾರಿ. ಅಲ್ಲಿ ಊಬರ್ ಇರಲಿಲ್ಲ, ಮೀಟರೂ ಇಲ್ಲ. ಹೆದರಿಕೊಂಡೇ ಇಳಿದೆ. ಆದರೆ ಮೂರೂ ಊರಲ್ಲಿ ನನಗೆ ಅತ್ಯಂತ ನೆಮ್ಮದಿ ಸಿಕ್ಕಿದ್ದು ಅಲ್ಲೇ. ನಾನು ಮಾಡಿದ್ದು ಇಷ್ಟು: ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಊರಿನವರು ಎಷ್ಟು ಕೊಡುತ್ತಾರೆ ಅಂತ ಉಳಿದುಕೊಂಡ ಮನೆಯ ಯಜಮಾನಿಯನ್ನು ಮೊದಲೇ ಕೇಳುವುದು. ಡ್ರೈವರ್ ಅದಕ್ಕಿಂತ ಹತ್ತಿಪ್ಪತ್ತು ಪೆಸೊ ಜಾಸ್ತಿ ಹೇಳಿದರೆ ಚೌಕಾಸಿ ಇಲ್ಲದೆ ಹತ್ತುವುದು, ಡಬಲ್ ಹೇಳಿದರೆ ಥ್ಯಾಂಕ್ಸ್ ಹೇಳಿ ಮುಂದಿನ ಗಾಡಿ. ಹತ್ತಿಪ್ಪತ್ತು ಪೆಸೊಗೆ ಜಗಳ ಆಡುವುದು ನನಗೆ ಸರಿ ಕಾಣುವುದಿಲ್ಲ. ದಿನವಿಡೀ ಬಿಸಿಲಲ್ಲಿ ಗಾಡಿ ಓಡಿಸುವವರು ಅವರು. ಅಲ್ಲಿ ಟ್ಯಾಕ್ಸಿಗೆ ಟಿಪ್ ಕೊಡುವ ರೂಢಿಯೂ ಇಲ್ಲ, ಸಾಮಾನು ಎತ್ತಿಕೊಟ್ಟರೆ ಮಾತ್ರ ಕೊಡುತ್ತಾರೆ.

ಸಾಪೊತೆಕ್ ಅನ್ನುವ ಅಲ್ಲಿನ ಮೂಲನಿವಾಸಿ ಜನರ ಹಳೆಯ ನಗರ ಮೋಂತೆ ಅಲ್ಬಾನ್ ಊರಿನ ಪಕ್ಕದ ಬೆಟ್ಟದ ಮೇಲಿದೆ. ಮೇಲೆ ವಾಪಸ್ ಗಾಡಿ ಸಿಗುವುದು ಕಷ್ಟ ಅಂತ ಹೋಗಿ ಬರೋದಕ್ಕೂ ಕಾಯೋದಕ್ಕೂ ಸೇರಿಸಿ ಒಬ್ಬ ಹಿರಿಯರ ಹತ್ತಿರ ಮಾತಾಡಿದೆ. ಎರಡು ಗಂಟೆ ಅಂದಿದ್ದೆವು. ಅಮ್ಮ ನಿಧಾನಕ್ಕೆ ಮೆಟ್ಟಿಲು ಹತ್ತಿ ಇಳಿದು ಮೂರು ಗಂಟೆ ಆಯಿತು. ಅವರು ಮರದ ಕೆಳಗೆ ಕಾಯುತ್ತಿದ್ದರು. ಜಾಸ್ತಿ ಕೊಡಲು ಹೋದರೆ, ಕ್ಯಾಲ್ಕುಲೇಟರ್‌ನಲ್ಲಿ ತಾವೇ ಒತ್ತಿದ್ದ ಸಂಖ್ಯೆ ತೋರಿಸಿ ಅಷ್ಟೇ ಸಾಕು ಅಂದರು. ಬಲವಂತ ಮಾಡಿ 50 ಪೆಸೊ ಕೊಟ್ಟೆ. ನೋಟಿನ ಮೇಲಿನ ಹುವಾರೆಸ್ ಹುಟ್ಟಿದ್ದು ಇದೇ ವಹಾಕಾ ರಾಜ್ಯದ ಒಂದು ಸಾಪೊತೆಕ್ ಹಳ್ಳಿಯಲ್ಲಿ ಅಂತ ಹೇಳಿದವರೂ ಅವರೇ.

ಹತ್ತಿರದ ತೂಲೆ ಅನ್ನುವ ಊರಿನ ದೊಡ್ಡ ಮರ ನೋಡಲು ಶೇರ್ ಟ್ಯಾಕ್ಸಿಯಲ್ಲಿ ಹೋದೆವು, ಅದಕ್ಕೆ ಕೊಲೆಕ್ತಿವೊ ಅನ್ನುತ್ತಾರೆ. ತಲೆಗಿಷ್ಟು ಅಂತ ರೇಟು, ಜೊತೆಗೆ ಕೂತ ಊರಿನವರು ಎಷ್ಟು ಕೊಡುತ್ತಾರೋ ನೋಡಿಕೊಂಡು ಅಷ್ಟೇ ಕೊಟ್ಟರಾಯಿತು.

ಕೊನೆಯ ದಿನ ವಹಾಕಾ ಏರ್‌ಪೋರ್ಟ್‌ಗೆ ಹೋಗುವಾಗ ಚಿಲ್ಲರೆ ಖಾಲಿಯಾಗಿ ಒಂದೇ ಒಂದು 500ರ ನೋಟು ಉಳಿದಿತ್ತು. ಅದು ಅಪ್ಪನ ಜೇಬಲ್ಲಿತ್ತು. ಇಳಿದ ಮೇಲೆ ಅವರು ಆ ನೀಲಿ ನೋಟನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು, ಹಾಸನದ ಉಚ್ಚಾರಣೆಯಲ್ಲಿ "ಕಿನಿಯಂತೋಸು" ಅಂದರು. ಡ್ರೈವರ್ ಅವರೂ "ಕಿನ್ಯೆಂತೋಸ್" ಅಂದು ತಗೊಂಡು, ಬಾಕಿ ಚಿಲ್ಲರೆಯನ್ನು ಒಂದೊಂದಾಗಿ ಎಣಿಸಿ ಅಪ್ಪನ ಅಂಗೈ ಮೇಲೆ ಇಟ್ಟರು. ಅಮ್ಮ ಆಗಲೇ ಟ್ರಾಲಿ ತಗೊಂಡು ಬಂದಿದ್ದರು.