ಇಳಿಜಾರಿಗೆ ಹುಲ್ಲು ಬೇಡ, ಜೂನಿಪರ್ ಹಾಕಿ

ಅಮೆರಿಕದ ಡೆನ್ವರ್ ಸುತ್ತಮುತ್ತ ಮನೆ ತಗೊಂಡ ನಮ್ಮವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ: ಮುಂದಿನ ಇಳಿಜಾರಿಗೆ ಏನು ಹಾಕೋದು? ಹುಲ್ಲಾದರೆ ಕೊಟ್ಟ ನೀರೆಲ್ಲ ಫುಟ್‌ಪಾತಿಗೆ ಹರಿಯುತ್ತದೆ, ಹುಲ್ಲು ಕತ್ತರಿಸುವ ಮೊವರ್ ತಳ್ಳಲು ಹೋದರೆ ಸೊಂಟ ಹಿಡಿಯುತ್ತದೆ. ನೆಲಕ್ಕೆ ಹಬ್ಬುವ ಜೂನಿಪರ್ ಎಂಬ ಸೂಜಿಯಂಥ ಎಲೆಯ ಪೊದೆಗಿಡ ಹಾಕಿ ಅಂತೀನಿ ನಾನು. ಇಲ್ಲಿ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ ಸುಮಾರು 15 ಇಂಚು. ಬೇರು ಬಿಟ್ಟ ಮೇಲೆ ಅದಕ್ಕೆ ಹೆಚ್ಚುಕಮ್ಮಿ ಅಷ್ಟೇ ಸಾಕು.

ಮನೆ ಗೋಡೆ ಪಕ್ಕ ಮಾತ್ರ ಬೇಡವೇ ಬೇಡ. ಈ ಗಿಡದಲ್ಲಿ ಎಣ್ಣೆ ಅಂಶ ಜಾಸ್ತಿ, ಅಡಿಯಲ್ಲಿ ಒಣ ತರಗು ಸೇರಿಕೊಂಡಿರುತ್ತದೆ. ಕಿಡಿ ಬಿದ್ದರೆ ಧಗ್ ಅಂತ ಹೊತ್ತಿಕೊಳ್ಳುತ್ತದೆ. 2021ರ ಡಿಸೆಂಬರ್ 30ರಂದು ಹತ್ತಿದ ಮಾರ್ಷಲ್ ಫೈರ್ ಎಂಬ ಕಾಡ್ಗಿಚ್ಚಿಗೆ ಡೆನ್ವರ್ ಹತ್ತಿರದ ಲೂಯಿಸ್‌ವಿಲ್, ಸುಪೀರಿಯರ್ ಊರುಗಳ ಕಡೆ ಸಾವಿರಕ್ಕೂ ಹೆಚ್ಚು ಮನೆ ಸುಟ್ಟವು. ಅವೇನು ಕಾಡೊಳಗಿನ ಮನೆಗಳಲ್ಲ, ನಮ್ಮಂಥವರೇ ಇರುವ ಬಡಾವಣೆಗಳು. ನಾನಂತೂ ಮನೆಯಿಂದ 30 ಅಡಿ ಬಿಟ್ಟೇ ಹಾಕಿ ಅನ್ನುವವಳು. ಅಷ್ಟು ಜಾಗ ಇಲ್ವಾ? ಬೇರೆ ಗಿಡ ನೋಡಿ.

ನರ್ಸರಿಯಲ್ಲಿ ಸುಮ್ನೆ ಜೂನಿಪರ್ ಅಂತ ಕೇಳಬೇಡಿ. ಫಿಟ್ಜರ್ ಎಂಬ ತಳಿ ತಂದರೆ ಎದೆ ಎತ್ತರ ಬೆಳೆದು ನಿಲ್ಲುತ್ತದೆ. ನನಗೆ ಇಷ್ಟ ಬ್ಲೂ ರಗ್. ಮೇನ್ ರಾಜ್ಯದ ವಿನಾಲ್‌ಹೇವನ್ ದ್ವೀಪದಲ್ಲಿ 1914ರಲ್ಲಿ ಸಿಕ್ಕ ಗಿಡದಿಂದ ಬಂದ ತಳಿ. ಎತ್ತರ ಆರು ಇಂಚು ದಾಟುವುದು ಕಮ್ಮಿ, ಅಗಲ ಆರೆಂಟು ಅಡಿ. ಚಳಿಗಾಲದಲ್ಲಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಸತ್ತಿತು ಅಂತ ಕಿತ್ತು ಹಾಕಬೇಡಿ. ಒಂದು ಗ್ಯಾಲನ್ ಕುಂಡದ್ದೇ ಸಾಕು. ಚಿಕ್ಕದು ಬೇಗ ಹೊಂದಿಕೊಳ್ಳುತ್ತದೆ, ದುಡ್ಡೂ ಉಳಿಯುತ್ತದೆ.

ನೆಡುವ ಮೊದಲು ಬೈಂಡ್‌ವೀಡ್ ಎಂಬ ಕಳೆ ಬಳ್ಳಿಯನ್ನು ಪೂರ್ತಿ ತೆಗೆಯಿರಿ. ಜೂನಿಪರ್ ಒಳಗೆ ಅದು ಹೊಕ್ಕರೆ ಚುಚ್ಚುವ ಎಲೆಗಳ ನಡುವೆ ಕೈ ಹಾಕಿ ಕೀಳಬೇಕು, ಪೂರ್ತಿ ತೋಳಿನ ಅಂಗಿ ಇಲ್ಲದಿದ್ದರೆ ಮೈಯೆಲ್ಲ ತುರಿಕೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಗಿಡದಿಂದ ಗಿಡಕ್ಕೆ ಐದು ಅಡಿ ಬಿಡಿ. ಮೊದಮೊದಲು ಬೋಳು ಬೋಳು ಕಾಣುತ್ತದೆ ನಿಜ, ಒತ್ತಾಗಿ ನೆಟ್ಟರೆ ಆಮೇಲೆ ಒಂದರ ಮೇಲೊಂದು ಏರುತ್ತವೆ. ನಮ್ಮ ಜೇಡಿಮಣ್ಣಿನಲ್ಲಿ ಗುಂಡಿ ಅಗಲ ಇರಲಿ, ಆಳ ಬೇಡ. ಬೇರಿನ ಉಂಡೆ ನೆಲಮಟ್ಟಕ್ಕಿಂತ ಒಂದಿಂಚು ಮೇಲೇ ಕೂರಲಿ. ಸುತ್ತಿಕೊಂಡ ಬೇರನ್ನು ಚಾಕುವಿನಿಂದ ಗೀರಿ ಬಿಡಿಸಿ. ಮೇಲೆ ಮರದ ಚೂರು ಹರಡಿ. ಕಳೆ ತಡೆಯುವ ಬಟ್ಟೆ ಹಾಸಬೇಡಿ, ಹಬ್ಬುವ ಕೊಂಬೆಗಳು ನೆಲಕ್ಕೆ ತಾಗಿದಲ್ಲೆಲ್ಲ ಬೇರು ಬಿಡಬೇಕು, ಅಲ್ವಾ?

ಮೊದಲ ವರ್ಷ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ನೀರು ಕೊಡಿ. ಎಲ್ಲರೂ ಮರೆಯುವುದು ಚಳಿಗಾಲವನ್ನು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಹಿಮ ಇಲ್ಲದೆ ಒಣಗಿದ್ದರೆ, 40 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ದಿನ ನೋಡಿ ಮಧ್ಯಾಹ್ನ ನೀರು ಹಾಕಿ. ತಿಂಗಳಿಗೆ ಒಂದೆರಡು ಸಲ ಸಾಕು.

ಕತ್ತರಿ ಹಾಕುವಾಗ ಹಸಿರು ಇರುವಲ್ಲಿಗೇ ನಿಲ್ಲಿಸಿ. ಎಲೆ ಇಲ್ಲದ ಹಳೇ ಕೊಂಬೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರುವುದಿಲ್ಲ. ಬೇಸಿಗೆಯಲ್ಲಿ ಎಲೆ ಬೂದು ಬೂದಾದರೆ ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿ. ಚುಕ್ಕಿಗಳು ಬಿದ್ದು ಓಡಾಡಿದರೆ ಅದು ಮೈಟ್ಸ್ ಎಂಬ ಸಣ್ಣ ನುಸಿಗಳ ಕಾಟ. ಔಷಧಿ ಹುಡುಕುವ ಮೊದಲು ಪೈಪಿನಿಂದ ಜೋರಾಗಿ ನೀರು ಹೊಡೆದು ನೋಡಿ.