ನಿಯಮಾವಳಿ ಪಕ್ಕದಲ್ಲಿಟ್ಟುಕೊಂಡು ವೈನ್ ರುಚಿ ನೋಡುವುದು: ನನ್ನ ಅನುಭವ

ಯುರೋಪಿನ ಹಳೆಯ ವೈನ್‌ಗಳ ಲೇಬಲ್ ಮೇಲೆ ಊರಿನ ಹೆಸರು ದೊಡ್ಡದಾಗಿರುತ್ತದೆ. ದ್ರಾಕ್ಷಿಯ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ಶಾಬ್ಲಿ, ಬರೋಲೊ, ರಿಯೋಹ, ಸಾನ್ಸೇರ್, ಅಷ್ಟೇ. ರೆಸ್ಟೋರೆಂಟ್‌ಗಳಿಗೆ ವೈನ್ ಪಟ್ಟಿ ಮಾಡಿಕೊಡುವುದು, ಅಲ್ಲಿ ಬಡಿಸುವ ಹುಡುಗರಿಗೆ ಅದನ್ನು ಕಲಿಸುವುದು ನನ್ನ ಕೆಲಸ. ಮೊದಮೊದಲು ಎಲ್ಲರ ಹಾಗೆ ನಾನೂ ಬಾಯಿಪಾಠ ಮಾಡಿದೆ. ಶಾಬ್ಲಿ ಅಂದರೆ ಶಾರ್ಡನೇ, ಬರೋಲೊ ಅಂದರೆ ನೆಬಿಯೋಲೊ, ಹೀಗೆ. ಪರೀಕ್ಷೆ ಪಾಸಾಗಲು ಅದು ಸಾಕು. ಆದರೆ ಊಟಕ್ಕೆ ಕೂತವರು "ಎರಡೂ ಒಂದೇ ದ್ರಾಕ್ಷಿ ಅಂತೀರಿ, ಇದಕ್ಕೆ ಯಾಕೆ ಎರಡರಷ್ಟು ಬೆಲೆ?" ಅಂತ ಕೇಳಿದರೆ ಬಾಯಿಪಾಠದಲ್ಲಿ ಉತ್ತರ ಸಿಗುವುದಿಲ್ಲ.

ಹಾಗಾಗಿ ನಿಯಮಗಳನ್ನೇ ಓದಲು ಕೂತೆ. ಗಡಿ, ನಿಯಮ ಹಾಕಿ ಕಾನೂನು ಕಾಯುವ ಇಂಥ ಊರಿನ ಹೆಸರಿಗೆ ಅಪೆಲೇಶನ್ ಅನ್ನುತ್ತಾರೆ. ಪ್ರತಿ ಅಪೆಲೇಶನ್‌ಗೂ ಸರ್ಕಾರ ಒಪ್ಪಿದ ಒಂದು ನಿಯಮಾವಳಿ ಇರುತ್ತದೆ. ಯಾವ ಊರುಗಳ ಯಾವ ಜಮೀನು, ಯಾವ ದ್ರಾಕ್ಷಿ, ಹೆಕ್ಟೇರಿಗೆ ಹೆಚ್ಚೆಂದರೆ ಎಷ್ಟು ಇಳುವರಿ, ಕನಿಷ್ಠ ಎಷ್ಟು ಆಲ್ಕೋಹಾಲ್, ಪೀಪಾಯಿಯಲ್ಲಿ ಎಷ್ಟು ತಿಂಗಳು, ಎಲ್ಲವೂ ಅದರಲ್ಲಿದೆ. ಓದಲು ಸಿಕ್ಕಾಪಟ್ಟೆ ಬೋರು. ಫ್ರೆಂಚ್, ಇಟಾಲಿಯನ್ ಸರ್ಕಾರಿ ಭಾಷೆ ಬೇರೆ. ಕೊನೆಗೆ ನಾನು ಹಿಡಿದ ದಾರಿ ಇದು: ಏನು ಮಾಡಬಾರದು ಅಂತ ಬರೆದಿದೆಯೋ ಅಲ್ಲಿಂದ ಓದು. ಯಾರೂ ಮಾಡದ ಕೆಲಸವನ್ನು ಯಾರೂ ನಿಷೇಧ ಮಾಡುವುದಿಲ್ಲ, ಅಲ್ವಾ? ಪ್ರತಿ 'ಕೂಡದು' ಹಿಂದೆ ಯಾರದೋ ಒಂದು ಕಳ್ಳಾಟ ಇರುತ್ತದೆ, ಇಲ್ಲವೇ ಒಂದು ಜಗಳ. ಅದನ್ನು ಹುಡುಕಿದರೆ ಆ ನಿಯಮ ಮತ್ತೆ ಮರೆಯುವುದಿಲ್ಲ.

ಪೋರ್ಚುಗಲ್‌ನ ದೋರು ಕಣಿವೆಯನ್ನೇ ನೋಡಿ. ಪೋರ್ಟ್ ವೈನ್ ಬರುವುದು ಅಲ್ಲಿಂದ. 18ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಭಾರಿ ಬೇಡಿಕೆ ಬಂತು. ಸಪ್ಪೆ ವೈನಿಗೆ ಎಲ್ಡರ್‌ಬೆರಿ ಹಣ್ಣಿನ ರಸ ಬೆರೆಸಿ ಕಡುಗೆಂಪು ಬಣ್ಣ ಬರಿಸಿ ಮಾರುವ ದಂಧೆ ಶುರುವಾಯಿತು. ಹೆಸರು ಕೆಟ್ಟಿತು, ಬೆಲೆ ಬಿತ್ತು. 1756ರಲ್ಲಿ ಮಂತ್ರಿ ಪೊಂಬಾಲ್ ಈ ವ್ಯಾಪಾರವನ್ನು ಹಿಡಿತಕ್ಕೆ ತಂದ. ಒಳ್ಳೆಯ ವೈನ್ ಬೆಳೆಯುವ ಜಾಗಕ್ಕೆ ಗಡಿ ಗುರುತಿಸಿ ಗ್ರಾನೈಟ್ ಕಲ್ಲುಗಳನ್ನು ನೆಡಿಸಿದ. ಅಷ್ಟಕ್ಕೇ ಬಿಡಲಿಲ್ಲ, ಆ ಭಾಗದ ಎಲ್ಡರ್‌ಬೆರಿ ಗಿಡಗಳನ್ನೇ ಕಿತ್ತು ಹಾಕಲು ಆಜ್ಞೆ ಮಾಡಿದ. ಕಲಬೆರಕೆ ಮಾಡಬೇಡಿ ಅನ್ನುವುದಕ್ಕಿಂತ ಕಲಬೆರಕೆಯ ಗಿಡವೇ ಇಲ್ಲದಂತೆ ಮಾಡುವುದು ಸುಲಭ ಅಂತ ಅನ್ನಿಸಿರಬೇಕು.

ಫ್ರಾನ್ಸಿನ ಕಥೆಯೂ ಇದೇ ಜಾತಿಯದು. 19ನೇ ಶತಮಾನದ ಕೊನೆಗೆ ಫಿಲಾಕ್ಸೆರಾ ಎಂಬ ಪುಟ್ಟ ಕೀಟ ಬೇರು ತಿಂದು ದ್ರಾಕ್ಷಿ ತೋಟಗಳನ್ನು ನಾಶ ಮಾಡಿತು. ವೈನ್ ಕಡಿಮೆಯಾಯಿತು, ನಕಲಿ ಜಾಸ್ತಿಯಾಯಿತು. ಹೊರಗಿನ ಅಗ್ಗದ ವೈನ್ ತಂದು ಹೆಸರಾಂತ ಊರಿನ ಹೆಸರಿನಲ್ಲಿ ಮಾರಿದರು. 1911ರಲ್ಲಿ ಶಾಂಪೇನ್ ಪ್ರದೇಶದ ಬೆಳೆಗಾರರು ರೊಚ್ಚಿಗೆದ್ದು, ಹೊರಗಿನ ದ್ರಾಕ್ಷಿ ತರಿಸುತ್ತಿದ್ದ ವ್ಯಾಪಾರಿಗಳ ಗೋದಾಮುಗಳಿಗೆ ನುಗ್ಗಿದರು. ಬೀದಿಗಳಲ್ಲಿ ವೈನ್ ಹರಿಯಿತು. ಇವತ್ತು ಅಲ್ಲಿನ ನಿಯಮಾವಳಿ ಎಷ್ಟು ಬಿಗಿ ಅಂದರೆ 4000 ಕಿಲೋ ದ್ರಾಕ್ಷಿಯಿಂದ 2550 ಲೀಟರಿಗಿಂತ ಹೆಚ್ಚು ರಸ ತೆಗೆಯುವಂತಿಲ್ಲ. ಇದು ಸುಮ್ನೆ ಶಿಸ್ತಿಗಾಗಿ ಬರೆದದ್ದಲ್ಲ. ಜಾಸ್ತಿ ಹಿಂಡಿದರೆ ಕಪ್ಪು ದ್ರಾಕ್ಷಿಯ ಸಿಪ್ಪೆಯ ಬಣ್ಣ, ಒಗರು ರಸಕ್ಕೆ ಇಳಿಯುತ್ತದೆ. ಶಾಂಪೇನಿನ ತಿಳಿಬಣ್ಣ, ಹಗುರ ರುಚಿ ಎರಡೂ ಹೋಗುತ್ತವೆ. ಒಂದು ಊರಿನ ಶೈಲಿ ಅನ್ನುವುದು ಇಂಥ ಲೆಕ್ಕದಲ್ಲಿ ಅಡಗಿರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ದಕ್ಷಿಣ ಫ್ರಾನ್ಸಿನ ಶಾತೊನೆಫ್-ದ್ಯು-ಪಾಪ್ ಎಂಬ ಊರಿನ ಕಥೆ. 1923ರಲ್ಲಿ ಅಲ್ಲಿನ ಬೆಳೆಗಾರರು ಪಿಯೆರ್ ಲ ರುವಾ ಎಂಬ ತೋಟದ ಯಜಮಾನರ ಮುಂದಾಳತ್ವದಲ್ಲಿ ತಮಗೆ ತಾವೇ ನಿಯಮ ಹಾಕಿಕೊಂಡರು. ಈ ಲ ರುವಾ ಕಾನೂನು ಓದಿದವರು, ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು. ಯಾವ ಜಮೀನು ಒಳಗೆ, ಯಾವುದು ಹೊರಗೆ ಅಂತ ತೀರ್ಮಾನಿಸಲು ಅವರು ಹಿಡಿದ ಗುರುತು ಕೇಳಿ: ಲ್ಯಾವೆಂಡರ್ ಮತ್ತು ಥೈಮ್ ಎರಡೂ ಬೆಳೆಯುವ ಒಣ ನೆಲ. ಆ ಗಿಡಗಳು ಬರುವಲ್ಲಿ ಬೇರೇನೂ ಸರಿಯಾಗಿ ಬರುವುದಿಲ್ಲ, ದ್ರಾಕ್ಷಿ ಮಾತ್ರ ಗಟ್ಟಿ ರಸ ಕೊಡುತ್ತದೆ. ಜೊತೆಗೆ ಕನಿಷ್ಠ 12.5 ಶೇಕಡಾ ಆಲ್ಕೋಹಾಲ್, ಅದೂ ಸಕ್ಕರೆ ಸೇರಿಸದೆ ದ್ರಾಕ್ಷಿಯ ಸಿಹಿಯಿಂದಲೇ. ಗೊಂಚಲುಗಳನ್ನು ಆರಿಸಿ ಕೆಟ್ಟದ್ದನ್ನು ತೆಗೆದುಹಾಕುವುದು ಕಡ್ಡಾಯ. 1935ರಲ್ಲಿ ಫ್ರಾನ್ಸ್ ಇಡೀ ದೇಶಕ್ಕೆ ಅಪೆಲೇಶನ್ ಕಾನೂನು ಮಾಡಿದಾಗ ಈ ಊರಿನ ಅನುಭವ ಅದಕ್ಕೆ ಮಾದರಿಯಾಯಿತು. 1936ರಲ್ಲಿ ಮಾನ್ಯತೆ ಸಿಕ್ಕ ಮೊದಲ ಗುಂಪಿನಲ್ಲೇ ಈ ಹೆಸರಿದೆ. (ಇದೇ ಊರಿನ ಆಡಳಿತ 1954ರಲ್ಲಿ ಹಾರುವ ತಟ್ಟೆಗಳು ಊರಿನ ಮೇಲೆ ಹಾರುವಂತಿಲ್ಲ, ಇಳಿಯುವಂತಿಲ್ಲ ಅಂತ ಆದೇಶ ಹೊರಡಿಸಿತ್ತು. ಪಾಠದ ನಡುವೆ ಹುಡುಗರು ತೂಕಡಿಸಿದರೆ ನಾನು ಇದನ್ನು ಹೇಳುತ್ತೇನೆ.)

ಓದಿದ್ದಷ್ಟೇ ಸಾಲದು, ನಾಲಿಗೆಗೂ ಗೊತ್ತಾಗಬೇಕು. ಅದಕ್ಕೆ ನಾನು ಜೋಡಿ ಜೋಡಿಯಾಗಿ ರುಚಿ ನೋಡುತ್ತೇನೆ. ಆದಷ್ಟೂ ಒಂದೇ ನಿಯಮದಲ್ಲಿ ವ್ಯತ್ಯಾಸ ಇರುವ ಎರಡು ವೈನ್ ತೆಗೆದುಕೊಳ್ಳಬೇಕು. ಉಳಿದದ್ದೆಲ್ಲ ಒಂದೇ ಇದ್ದರೆ ಆ ನಿಯಮ ಏನು ಮಾಡುತ್ತದೆ ಅನ್ನುವುದು ಬಾಯಿಗೇ ಸಿಗುತ್ತದೆ. ಹತ್ತು ದೇಶದ ಹತ್ತು ಬಾಟಲಿ ಸಾಲಾಗಿಟ್ಟು ರುಚಿ ನೋಡುವ ಪದ್ಧತಿ ಇದೆಯಲ್ಲ, ನನ್ನ ಪ್ರಕಾರ ಅದರಿಂದ ತಲೆ ಕೆಡುತ್ತದೆ ಹೊರತು ತಲೆಗೆ ಏನೂ ಹೋಗುವುದಿಲ್ಲ.

ಮೊದಲ ಜೋಡಿ ಸ್ಪೇನಿನ ಶೆರಿ. ಅದರಲ್ಲಿ ಎರಡು ಬಗೆ, ಫಿನೊ ಮತ್ತು ಮಂಥಾನಿಯಾ. ದ್ರಾಕ್ಷಿ ಒಂದೇ, ಪಾಲೊಮಿನೊ. ಎರಡೂ ಪೀಪಾಯಿಯಲ್ಲಿ ಯೀಸ್ಟಿನ ಬಿಳಿ ಪದರದ ಕೆಳಗೆ ಮಾಗುತ್ತವೆ. ವ್ಯತ್ಯಾಸ ಇಷ್ಟೇ: ಮಂಥಾನಿಯಾ ಮಾಗಬೇಕಾದದ್ದು ಸಮುದ್ರದ ಪಕ್ಕದ ಸಾನ್‌ಲೂಕರ್ ಊರಿನಲ್ಲೇ. ಅಲ್ಲಿನ ತೇವದ ತಂಪು ಗಾಳಿಗೆ ಪದರ ದಪ್ಪವಾಗಿರುತ್ತದೆ, ವರ್ಷವಿಡೀ ಉಳಿಯುತ್ತದೆ. ಎರಡು ಗ್ಲಾಸು ಪಕ್ಕ ಪಕ್ಕ ಇಟ್ಟರೆ ಮಂಥಾನಿಯಾ ಇನ್ನೂ ಹಗುರ, ಕೊನೆಗೆ ಸ್ವಲ್ಪ ಉಪ್ಪುಪ್ಪು. ಊರಿನ ಗಡಿ ರುಚಿಯ ಗಡಿಯೂ ಆಗಬಹುದು ಅನ್ನುವುದನ್ನು ಮಾತಿನಲ್ಲಿ ಹೇಳಿದಾಗ ನಂಬದವರು ಈ ಜೋಡಿ ಕುಡಿದ ಮೇಲೆ ನಂಬಿದ್ದಾರೆ.

ಎರಡನೆಯದು ಬರೋಲೊ ಮತ್ತು ಬಾರ್ಬರೆಸ್ಕೊ. ಇಟಲಿಯ ಪೀಡ್‌ಮಾಂಟ್, ಎರಡಕ್ಕೂ ಬರೀ ನೆಬಿಯೋಲೊ. ಬರೋಲೊ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಬಾರ್ಬರೆಸ್ಕೊಗೆ 26 ಮತ್ತು 9. ಬೆಲೆ ಯಾಕೆ ಜಾಸ್ತಿ ಅಂತ ಕೇಳಿದವರಿಗೆ ಅರ್ಧ ಉತ್ತರ ಇಲ್ಲೇ ಇದೆ. ಮಾರದೆ ಕೂಡಿಟ್ಟ ಪ್ರತಿ ವರ್ಷಕ್ಕೂ ಖರ್ಚಿದೆ. ಆದರೆ ಈ ಜೋಡಿ ಶುದ್ಧ ಪ್ರಯೋಗ ಅಲ್ಲ, ಮಣ್ಣು, ಎತ್ತರ ಎಲ್ಲ ಬೇರೆ. ಮಾಗಿಸುವ ಅವಧಿಯ ಪಾಠಕ್ಕೆ ಸ್ಪೇನಿನ ರಿಯೋಹ ಮೇಲು. ಒಬ್ಬನೇ ತಯಾರಕನ ಕ್ರಿಯಾನ್ಸಾ ಮತ್ತು ಗ್ರಾನ್ ರೆಸೆರ್ವಾ ತಂದರೆ ಸಾಕು. ಮೊದಲನೆಯದು ಕನಿಷ್ಠ ಎರಡು ವರ್ಷ ಮಾಗಿದ್ದು, ಇನ್ನೊಂದು ಕನಿಷ್ಠ ಐದು ವರ್ಷ. ಮೊದಲನೆಯದರಲ್ಲಿ ಹಣ್ಣು, ಎರಡನೆಯದರಲ್ಲಿ ತೊಗಲು, ತಂಬಾಕು, ಒಣಹಣ್ಣು.

ಇನ್ನೊಂದು, ನನ್ನ ಮೆಚ್ಚಿನದು, ಫ್ರಾನ್ಸಿನ ಜುರಾ. ಸಾವನ್ಯಾಂ ಎಂಬ ದ್ರಾಕ್ಷಿ. ಪೀಪಾಯಿಯಿಂದ ಆವಿಯಾದಷ್ಟನ್ನು ಆಗಾಗ ತುಂಬಿಸುತ್ತ ಹೋದರೆ ಅದು ನಿಂಬೆಯ ಹುಳಿ ಇರುವ ತಾಜಾ ಬಿಳಿ ವೈನ್. ತುಂಬಿಸದೆ ಕನಿಷ್ಠ 60 ತಿಂಗಳು ಯೀಸ್ಟ್ ಪದರದ ಕೆಳಗೆ ಬಿಟ್ಟರೆ ಅದು ವ್ಯಾಂ ಜೋನ್. ಆಕ್ರೋಟು, ಮೆಂತ್ಯದ ಹಾಗಿನ ವಾಸನೆ. ಬೇರೆ ಕಡೆ ಇದನ್ನು ಕೆಟ್ಟ ವೈನ್ ಅಂತ ಚೆಲ್ಲುತ್ತಿದ್ದರೇನೋ, ಇಲ್ಲಿ ಅದೇ ನಿಯಮ. ಬಾಟಲಿ ಕೂಡ ಬೇರೆ, 62 ಸೆಂಟಿಲೀಟರಿನದು. ಒಂದು ಲೀಟರ್ ವೈನ್ ಅಷ್ಟು ವರ್ಷ ಆವಿಯಾಗಿ ಉಳಿಯುವುದು ಇಷ್ಟೇ ಅಂತ ಅವರ ಲೆಕ್ಕ. ಅಲ್ಲಿನ ಶಾತೊ-ಶಾಲೋಂ ಎಂಬ ಊರಿನವರು 1974, 1980, 1984, 2001ರಲ್ಲಿ ಬೆಳೆ ಸರಿ ಬರಲಿಲ್ಲ ಅಂತ ಆ ಹೆಸರಿನಲ್ಲಿ ವೈನೇ ಮಾಡಲಿಲ್ಲ.

ಇಷ್ಟೆಲ್ಲ ಹೇಳಿದೆ ಅಂತ ನಿಯಮ ಇದ್ದರೆ ವೈನ್ ಚೆನ್ನಾಗಿರುತ್ತದೆ ಅಂತ ತಿಳಿಯಬೇಡಿ. ನಿಯಮ ಕಾಯುವುದು ಶೈಲಿಯನ್ನು, ಗುಣಮಟ್ಟವನ್ನಲ್ಲ. ಇಟಲಿಯ ಟಸ್ಕನಿ ಪ್ರಾಂತ್ಯದ ಕಿಯಾಂತಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1716ರಷ್ಟು ಹಿಂದೆಯೇ ಅಲ್ಲಿನ ದೊರೆ ಮೂರನೇ ಕೋಸಿಮೊ ಮೆದಿಚಿ ಕಿಯಾಂತಿಗೆ ಗಡಿ ಹಾಕಿದ್ದ. ಆದರೆ 1967ರ ನಿಯಮ ಕೆಂಪು ವೈನಿಗೆ ಕನಿಷ್ಠ 10 ಶೇಕಡಾ ಬಿಳಿ ದ್ರಾಕ್ಷಿ ಸೇರಿಸಲೇಬೇಕು ಅಂದಿತು. ತೆಳು, ಹುಳಿ ವೈನ್ ರಾಶಿ ರಾಶಿ ಬಂತು. ಬೇಸತ್ತ ಕೆಲವರು ಹೊರಗೆ ನಡೆದರು. ತಿನ್ಯಾನೆಲೊ ಎಂಬ ವೈನ್ 1971ರಲ್ಲಿ ಕಿಯಾಂತಿ ಹೆಸರು ಬಿಟ್ಟು, ಕಾನೂನಿನಲ್ಲಿ ಎಲ್ಲಕ್ಕಿಂತ ಕೆಳಗಿನ 'ಊಟದ ಮೇಜಿನ ವೈನ್' ಅಂತ ಬಂತು. ಬೆಲೆ ಮಾತ್ರ ಕಿಯಾಂತಿಗಿಂತ ಮೇಲೆ. ಕೊನೆಗೆ ನಿಯಮವೇ ಅವರ ಕಡೆ ಬಾಗಿತು. 2006ರ ಕೊಯ್ಲಿನಿಂದ ಕಿಯಾಂತಿಯ ಹಳೆಯ ನಡುಭಾಗವಾದ ಕಿಯಾಂತಿ ಕ್ಲಾಸಿಕೊದಲ್ಲಿ ಬಿಳಿ ದ್ರಾಕ್ಷಿ ನಿಷೇಧ, ಅಲ್ಲಿನ ಮುಖ್ಯ ಕೆಂಪು ದ್ರಾಕ್ಷಿ ಸಾಂಜೊವೇಸೆ ಕನಿಷ್ಠ 80 ಶೇಕಡಾ. ನಾನು ಪಟ್ಟಿ ಮಾಡುವಾಗ ಇಟಲಿಯ ಕೆಳದರ್ಜೆಯ ಲೇಬಲ್ ಮೇಲೆ ದೊಡ್ಡ ಬೆಲೆ ಕಂಡರೆ, ಈ ತಯಾರಕ ಯಾವ ನಿಯಮದ ಜೊತೆ ಮುನಿಸಿಕೊಂಡ ಅಂತ ಮೊದಲು ನೋಡುತ್ತೇನೆ.

ಇನ್ನು ಹೆಸರಿನ ರಕ್ಷಣೆ. ಇಲ್ಲಿ ರುಚಿಗಿಂತ ವಕೀಲರ ಕೆಲಸ ಜಾಸ್ತಿ. 1994ರ ವಿಶ್ವ ವ್ಯಾಪಾರ ಒಪ್ಪಂದದಲ್ಲಿ ವೈನಿಗೆ ವಿಶೇಷ ರಕ್ಷಣೆ ಇದೆ. ಬೇರೆ ಊರಿನ ವೈನ್ ಮೇಲೆ 'ಆ ಶೈಲಿಯದು', 'ಆ ಬಗೆಯದು' ಅಂತ ಸೇರಿಸಿ ಕೂಡ ಆ ಹೆಸರು ಬಳಸುವಂತಿಲ್ಲ. ಶಾಂಪೇನಿನವರು ಇದರಲ್ಲಿ ಎಲ್ಲರಿಗಿಂತ ಗಟ್ಟಿಗರು. 1993ರಲ್ಲಿ ಈವ್ ಸಾಂ ಲೊರಾಂ ಕಂಪನಿ ಸುಗಂಧ ದ್ರವ್ಯಕ್ಕೆ ಶಾಂಪೇನ್ ಅಂತ ಹೆಸರಿಟ್ಟಾಗ ಪ್ಯಾರಿಸ್ ಕೋರ್ಟಿಗೆ ಎಳೆದು ಗೆದ್ದರು. ಸ್ವಿಟ್ಜರ್ಲೆಂಡಿನಲ್ಲಿ ಶಾಂಪೇನ್ ಎಂದೇ ಹೆಸರಿರುವ ಹಳ್ಳಿಯೊಂದು ತನ್ನ ವೈನಿಗೆ ತನ್ನದೇ ಹೆಸರು ಇಡಲಾಗದ ಸ್ಥಿತಿ ಬಂತು. ಇದು ನನಗೆ ಅತಿ ಅನ್ನಿಸುತ್ತದೆ. ಆ ಹಳ್ಳಿಯವರು ಮಾಡುತ್ತಿದ್ದದ್ದು ಗುಳ್ಳೆ ಇಲ್ಲದ ಸಾದಾ ಬಿಳಿ ವೈನ್. ಯಾರು ಮೋಸ ಹೋಗುತ್ತಿದ್ದರು?

ಇಟಲಿಯ ಗುಳ್ಳೆ ವೈನ್ ಪ್ರೊಸೆಕೊದವರ ಜಾಣತನ ಮಾತ್ರ ಮೆಚ್ಚಬೇಕು. ಪ್ರೊಸೆಕೊ ಅನ್ನುವುದು ದ್ರಾಕ್ಷಿಯ ಹೆಸರಾಗಿತ್ತು. ದ್ರಾಕ್ಷಿಯ ಹೆಸರನ್ನು ಯಾರೂ ಬಳಸಬಹುದು, ತಡೆಯಲಾಗದು. 2009ರಲ್ಲಿ ಇಟಲಿಯವರು ಆ ದ್ರಾಕ್ಷಿಗೆ ಗ್ಲೇರಾ ಅಂತ ಬೇರೆ ಹೆಸರು ಕೊಟ್ಟರು. ತ್ರಿಯೆಸ್ತೆ ಹತ್ತಿರ ಪ್ರೊಸೆಕೊ ಎಂಬ ಹಳ್ಳಿಯೊಂದಿತ್ತು. ಅದನ್ನೂ ಒಳಗೊಳ್ಳುವಂತೆ ಗಡಿ ಹಿಗ್ಗಿಸಿದರು. ಅಲ್ಲಿಗೆ ಪ್ರೊಸೆಕೊ ಜಾಗದ ಹೆಸರಾಯಿತು, ರಕ್ಷಣೆಯೂ ಸಿಕ್ಕಿತು. ಆಸ್ಟ್ರೇಲಿಯಾದ ಬೆಳೆಗಾರರು ಇದನ್ನು ಒಪ್ಪಿಲ್ಲ, ಅವರಿಗೆ ಅದು ಇನ್ನೂ ದ್ರಾಕ್ಷಿಯ ಹೆಸರೇ. ಈ ವಾದದಲ್ಲಿ ನಾನು ಆಸ್ಟ್ರೇಲಿಯಾದವರ ಕಡೆ. ಮೊದಲು ಗಿಡ ಮಾರಿ ಆಮೇಲೆ ಹೆಸರು ವಾಪಸ್ ಕೇಳಿದರೆ ಹೇಗೆ?

ಈಗ ನಾನು ಕಣ್ಣಿಟ್ಟಿರುವುದು ಫ್ರಾನ್ಸಿನ ಬೋರ್ಡೊ ಪ್ರದೇಶದ ಮೇಲೆ. ಬಿಸಿಲು ಏರುತ್ತಿದೆ, ಅಲ್ಲಿನ ಮೆರ್ಲೊ ದ್ರಾಕ್ಷಿ ಬೇಗ ಹಣ್ಣಾಗಿ ಆಲ್ಕೋಹಾಲ್ ಹೆಚ್ಚುತ್ತಿದೆ. 2021ರಲ್ಲಿ ಅಲ್ಲಿ ಆರು ಹೊಸ ತಳಿಗಳಿಗೆ ಅವಕಾಶ ಕೊಟ್ಟರು. ಅದರಲ್ಲಿ ಪೋರ್ಟ್ ವೈನಿನ ತೂರಿಗಾ ನಾಸಿಯೊನಾಲ್ ಕೂಡ ಇದೆ. ತೋಟದ 5 ಶೇಕಡಾ ಜಾಗದಲ್ಲಿ ಮಾತ್ರ ನೆಡಬಹುದು, ವೈನಿನಲ್ಲಿ 10 ಶೇಕಡಾ ಮೀರುವಂತಿಲ್ಲ, ಲೇಬಲ್ ಮೇಲೆ ಹೆಸರೂ ಹಾಕುವಂತಿಲ್ಲ. ಆ ಗಿಡಗಳ ಫಲ ಸೇರಿದ ವೈನ್ ಕೈಗೆ ಬಂದಾಗ ಅದೇ ತಯಾರಕನ ಹಳೆಯ ವರ್ಷದ ಬಾಟಲಿ ಜೊತೆ ಜೋಡಿ ಮಾಡಬೇಕು. ಅದಕ್ಕೆಂದೇ ಕೆಲವು ಬಾಟಲಿಗಳನ್ನು ತೆಗೆಯದೆ ಇಟ್ಟಿದ್ದೇನೆ.